ಪುಟ ಮುಗೀಲಿ, ತಡಿ

ತಿಂಗಳ 20ನೇ ತಾರೀಕು ಬಂತು ಅಂದರೆ ನಮ್ಮ ಆಫೀಸಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬೇಳೆಕಾಳಿನ ಅಂಗಡಿಯ ಮೇಲೆ ಎರಡು ರೂಮು. ಅದೇ ನನ್ನ ಆಫೀಸು. ವ್ಯಾಪಾರಸ್ಥರಿಗೆ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುತ್ತೇನೆ. ತಿಂಗಳ ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಕೇ ಕೊನೆಯ ದಿನ. ಸಿಎ ಅಲ್ಲ. ಬಿಕಾಂ ಮುಗಿಸಿ, ಒಬ್ಬ ಆಡಿಟರ್ ಕೈಕೆಳಗೆ ಒಂಬತ್ತು ವರ್ಷ ದುಡಿದು, 2014ರಲ್ಲಿ ಸ್ವಂತ ಮೇಜು, ಸ್ವಂತ ಕಂಪ್ಯೂಟರ್ ಹಾಕಿಕೊಂಡು ಕೂತವಳು. ಈಗ 118 ಪಾರ್ಟಿಗಳಿದ್ದಾರೆ. ನಮ್ಮಲ್ಲಿ ಕ್ಲೈಂಟ್ ಅನ್ನುವುದಿಲ್ಲ, ಪಾರ್ಟಿ ಅನ್ನುತ್ತೇವೆ.

ಸಂಕ್ರಾಂತಿಗೆ ಬಂದ ನಮ್ಮಣ್ಣನ ಮಗ ವಾರ ಇಲ್ಲೇ ಉಳಿದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೊನ್ನೆ 20ಕ್ಕೆ ಮನೆಯ ಇಂಟರ್ನೆಟ್ ಕೈಕೊಟ್ಟಿತು ಅಂತ ಲ್ಯಾಪ್‌ಟಾಪ್ ಹಿಡಿದು ನನ್ನ ಆಫೀಸಿಗೆ ಬಂದು ಕೂತ. ಎರಡು ಗಂಟೆ ತಡೆದುಕೊಂಡ. ಆಮೇಲೆ, "ಅತ್ತೆ, ಈ ಗದ್ದಲದಲ್ಲಿ ನೀವು ಹೆಂಗೆ ಕೆಲಸ ಮಾಡ್ತೀರಿ? ಮೊದ್ಲು ಆ ಫೋನ್ ಸೈಲೆಂಟಿಗೆ ಹಾಕಿ" ಅಂದ. ನಾನು ನಕ್ಕು ಸುಮ್ಮನಾದೆ. ಉತ್ತರ ಕೊಡಲು ಆಗ ಪುರುಸೊತ್ತು ಇರಲಿಲ್ಲ. ಇವತ್ತು 23. ಮೂರು ತಿಂಗಳಿಗೊಮ್ಮೆ ಹಾಕುವವರ ರಿಟರ್ನ್ ಕೂಡ ನಿನ್ನೆಗೆ ಮುಗಿದವು. ಹಾಗಾಗಿ ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ಸೈಲೆಂಟಿಗೆ ಹಾಕಿದರೆ ನನ್ನ ಕೆಲಸವೇ ನಿಲ್ಲುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿಗಳ ರಿಟರ್ನ್‌ಗೆ ಸಹಿಯ ಬದಲು ಓಟಿಪಿ ಸಾಕು. ಆದರೆ ಅದು ಬರುವುದು ನನ್ನ ಮೊಬೈಲಿಗಲ್ಲ, ಅಂಗಡಿಯವರ ಮೊಬೈಲಿಗೆ. ನಾನಿಲ್ಲಿ ಅಂಕಿಯೆಲ್ಲ ತುಂಬಿ, ಕೊನೆಯ ಗುಂಡಿ ಒತ್ತಿ, ಅವರಿಗೆ ಫೋನ್ ಹಚ್ಚಬೇಕು. ಅವರು ಹರಿಹರದಲ್ಲಿ ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಿರುತ್ತಾರೆ.

"ಅಣ್ಣಾರೆ, ಒಂದು ಓಟಿಪಿ ಬಂದಿರುತ್ತೆ ನೋಡ್ರಿ."

"ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತಾರಲ್ರೀ ಮೇಡಂ."

"ಅದು ಬ್ಯಾಂಕಿಂದು. ಇದು ಜಿಎಸ್‌ಟಿದು. ಹೇಳ್ರಿ."

"ಕನ್ನಡಕ ಮನ್ಯಾಗೈತಿ. ತಡೀರಿ, ನಮ್ ಹುಡುಗನ್ನ ಕರೀತೀನಿ."

ಹುಡುಗ ಕೈತೊಳೆದು ಬರುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿದಿರುತ್ತದೆ. ಮತ್ತೆ ಮೊದಲಿಂದ. ಒಂದು ದಿನ ತಡವಾದರೆ 50 ರೂಪಾಯಿ ಲೇಟ್ ಫೀ, ವ್ಯಾಪಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ಕಟ್ಟಬೇಕಾದ ತೆರಿಗೆ ಉಳಿದಿದ್ದರೆ ಅದರ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. 50 ರೂಪಾಯಿ ದೊಡ್ಡದಲ್ಲ. ಆದರೆ ಅದನ್ನು ಮಂಡಿಪೇಟೆಯ ವ್ಯಾಪಾರಸ್ಥರಿಗೆ ವಿವರಿಸುವುದು ದೊಡ್ಡದು.

ಇಂಥ ಕೆಲಸದಲ್ಲಿ ಏಕಾಗ್ರತೆ ಅಂದರೆ ಏನು ಅಂತ ನನಗೆ ಬಹಳ ವರ್ಷ ಅರ್ಥವೇ ಆಗಿರಲಿಲ್ಲ. ಬಾಗಿಲು ಹಾಕಿಕೊಂಡು, ಸದ್ದಿಲ್ಲದ ಕೋಣೆಯಲ್ಲಿ ಕೂತು ಮಾಡುವುದು ಅಂದುಕೊಂಡಿದ್ದೆ. ಅಂಥ ಕೋಣೆ ನನಗೆ ಸಿಗುವುದಿಲ್ಲ. ಹಾಗಾಗಿ ಅದು ನನ್ನ ಹಣೆಯಲ್ಲಿ ಬರೆದಿಲ್ಲ ಅಂತ ಬಿಟ್ಟುಬಿಟ್ಟಿದ್ದೆ.

ಒಂದು ಸಲ ಸಿಟ್ಟು ಬಂದು ಎಣಿಸಿಯೇ ಬಿಟ್ಟೆ. 18ನೇ ತಾರೀಕು, ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ. ಲಾರಿಯಿಂದ ಚೀಲ ಇಳಿಸುವಾಗ ನಾಲ್ಕು ಉದ್ದಗೆರೆ ಹಾಕಿ ಐದನೆಯದಕ್ಕೆ ಅಡ್ಡಗೆರೆ ಎಳೆಯುತ್ತಾರಲ್ಲ, ಹಾಗೆ. ಕೈಯಲ್ಲಿದ್ದ ಕೆಲಸ ಬಿಟ್ಟು ಬೇರೆ ಕಡೆ ನೋಡಿದಾಗಲೆಲ್ಲ ಒಂದು ಗೆರೆ. ಎರಡು ಗಂಟೆಗೆ ನೋಡಿದರೆ 41 ಗೆರೆ! ಓಟಿಪಿ, "ಆತೇನ್ರಿ ಮೇಡಂ ನಂದು?", ಕೆಳಗೆ ಲಾರಿ ನಿಂತಿದೆ ಇ-ವೇ ಬಿಲ್ ಬೇಕು, ಓರೆಯಾಗಿ ತೆಗೆದ ಬಿಲ್ಲಿನ ಫೋಟೋ, ಟೀ ಹುಡುಗ, ಗಣಪತಿ ಚಂದಾ. ಎಲ್ಲ ಸರಿ. ಆದರೆ ಯಾವ ಗೆರೆ ಯಾರದ್ದು ಅಂತ ಪಕ್ಕದಲ್ಲೇ ಒಂದಕ್ಷರ ಬರೆದಿದ್ದೆ. 41ರಲ್ಲಿ 13 ನನ್ನವೇ. ಯಾರೂ ಕರೆದಿಲ್ಲ, ಯಾರೂ ಬಂದಿಲ್ಲ. ನಾನೇ ಎದ್ದಿದ್ದೇನೆ, ನಾನೇ ಫೋನ್ ತೆಗೆದಿದ್ದೇನೆ.

ಯಾವಾಗ ಅಂತ ಯೋಚಿಸಿದೆ. ಹೆಚ್ಚಿನವು ಪೋರ್ಟಲ್, ಅಂದರೆ ರಿಟರ್ನ್ ಹಾಕುವ ಜಿಎಸ್‌ಟಿ ವೆಬ್‌ಸೈಟ್, ಸುತ್ತುತ್ತಿದ್ದಾಗ. ಕೊನೆಯ ತಾರೀಕು ಹತ್ತಿರ ಬಂದಾಗ ಆ ಚಕ್ರ ಸುತ್ತುತ್ತಲೇ ಇರುತ್ತದೆ. ಸುತ್ತಲಿ ಬಿಡು ಅಂತ ವಾಟ್ಸ್ಆ್ಯಪ್ ತೆಗೆಯುತ್ತೇನೆ. ಅಕ್ಕನ ಮಗಳ ಸೀರೆ ಫೋಟೋ ನೋಡುತ್ತೇನೆ. ತಿರುಗಿ ನೋಡಿದರೆ ಪೋರ್ಟಲ್ ನನ್ನನ್ನು ಹೊರಗೆ ಹಾಕಿರುತ್ತದೆ. ಆಗ ಬೈಯುವುದು ಪೋರ್ಟಲನ್ನು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕ್ಯಾಂಪಸ್ಸಿನಲ್ಲಿ ಗ್ಲೋರಿಯಾ ಮಾರ್ಕ್ ಅನ್ನುವವರು ಆಫೀಸಿನ ಜನ ಹೇಗೆ ಕೆಲಸ ಮಾಡುತ್ತಾರೆ ಅಂತ ಹಿಂದೆಯೇ ಕೂತು ಅಳೆದಿದ್ದಾರೆ. 2004ರ ಹೊತ್ತಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರಂತೆ. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಹೊರಗಿನವರಷ್ಟೇ ನಾವೂ ನಮ್ಮ ಕೆಲಸವನ್ನು ಕೆಡಿಸುತ್ತೇವೆ ಅನ್ನುವುದನ್ನೂ ಅವರು ಕಂಡಿದ್ದಾರೆ. ಇದನ್ನು ನನಗೆ ಕಳಿಸಿದ್ದು ಅದೇ ಅಣ್ಣನ ಮಗ. ಓದಿ, ಪರವಾಗಿಲ್ಲ, 13 ಗೆರೆ ಮಂಡಿಪೇಟೆಯದ್ದು ಮಾತ್ರ ಅಲ್ಲ ಅಂತ ಸಮಾಧಾನವಾಯಿತು.

ಎಣಿಸಿದ ಮೇಲೆ ಮದ್ದು ಹುಡುಕಬೇಕಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುವುದನ್ನು ಹನ್ನೊಂದು ದಿನ ಮಾಡಿದೆ. ಮಧ್ಯಾಹ್ನ ಮೂರಕ್ಕೆ ಕೀಬೋರ್ಡ್ ಮೇಲೆ ತಲೆ ಇಟ್ಟು ಮಲಗಿದೆ. ಅದು ಅಲ್ಲಿಗೇ ಮುಗಿಯಿತು.

ಆಮೇಲೆ ಟೈಮರ್. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಅನ್ನುವ ವಿದ್ಯಾರ್ಥಿ ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಓದಿದನಂತೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಟಲಿ ಭಾಷೆಯಲ್ಲಿ ಟೊಮ್ಯಾಟೊಗೆ ಪೊಮೊಡೊರೊ. ಆ ಪದ್ಧತಿಗೂ ಅದೇ ಹೆಸರು ನಿಂತಿತು. ನಾನೂ ಅಡುಗೆಮನೆಯ ಟೈಮರ್ ತಂದು ಮೇಜಿನ ಮೇಲಿಟ್ಟೆ. ಮೊದಲ ದಿನವೇ ಒಬ್ಬ ಎಣ್ಣೆ ವ್ಯಾಪಾರಿ ಎದುರಿಗೆ ಕೂತಿದ್ದಾಗ ಟ್ರಿಣ್ ಅಂತು. ಅವರು ಒಳರೂಮಿನ ಕಡೆ ಇಣುಕಿ, "ಇಡ್ಲಿ ಇಟ್ಟೀರೇನ್ ಮೇಡಂ?" ಅಂದರು.

ನಗು ಬಿಡಿ. ಟೈಮರ್ ನನಗೆ ಒಗ್ಗದ ಕಾರಣ ಬೇರೆ. 25 ನಿಮಿಷ ಅನ್ನುವುದು ಗಡಿಯಾರದ ಲೆಕ್ಕ, ನನ್ನ ಕೆಲಸದ ಲೆಕ್ಕ ಅಲ್ಲ. ಖರೀದಿ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾ 137ನೇ ಬಿಲ್ಲಿಗೆ ಬಂದಾಗ ಅದು ಟ್ರಿಣ್ ಅನ್ನುತ್ತದೆ. ಅಲ್ಲಿ ಎದ್ದರೆ ಮತ್ತೆ ಕೂರುವಾಗ 137 ಆಗಿತ್ತೋ 138 ಆಗಿತ್ತೋ ನೆನಪಿರುವುದಿಲ್ಲ. ಓದುವ ಹುಡುಗರಿಗೆ ಅದು ಒಳ್ಳೆಯದೇ. ನನ್ನ ಮಗಳು ಪಿಯುಸಿಯಲ್ಲಿ ಅದನ್ನೇ ಇಟ್ಟುಕೊಂಡು ಓದಿದಳು. ಟೈಮರ್ ಈಗ ಮತ್ತೆ ಅಡುಗೆಮನೆ ಸೇರಿದೆ.

ಇನ್ನು ನನ್ನ ತಪ್ಪಿನ ಕಥೆ. 2019ರ ನವೆಂಬರ್ 20, ಬುಧವಾರ. ಆಗ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ ರಿಟರ್ನ್‌ನಲ್ಲಿ ಇನ್‌ಪುಟ್ ಅಂಕಿಯನ್ನು, ಅಂದರೆ ಖರೀದಿಯಲ್ಲಿ ಆಗಲೇ ಕೊಟ್ಟು, ಈಗ ಕಟ್ಟುವುದರಲ್ಲಿ ಕಳೆದುಕೊಳ್ಳುವ ತೆರಿಗೆಯನ್ನು, ನಾವೇ ಕೈಯಾರೆ ತುಂಬಬೇಕಿತ್ತು. ಈಗಿನ ಹಾಗೆ 14ನೇ ತಾರೀಕಿಗೆ, ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ 2ಬಿ ಪಟ್ಟಿ ತಯಾರಾಗಿ ಬಂದು ಕೂರುತ್ತಿರಲಿಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯ ರಿಟರ್ನ್. ರಾಜ್‌ಕೋಟ್‌ನಿಂದ ಪಂಪ್‌ಸೆಟ್ ಸಾಮಾನು ತರಿಸುತ್ತಾರೆ. ಬೇರೆ ರಾಜ್ಯದ ಮಾಲು, ಆದ್ದರಿಂದ ಐಜಿಎಸ್‌ಟಿ. ಆ ತಿಂಗಳ ಇನ್‌ಪುಟ್ 1,84,500 ರೂಪಾಯಿ. ನಾನು ಕತ್ತು ಓರೆ ಮಾಡಿ ಹೆಗಲ ಮೇಲೆ ಫೋನ್ ಸಿಕ್ಕಿಸಿಕೊಂಡು, ಬೇರೆ ಯಾರಿಗೋ ಓಟಿಪಿ ಕೇಳುತ್ತಾ, ಇಲ್ಲಿ 1,48,500 ಅಂತ ಹೊಡೆದೆ.

ಇನ್‌ಪುಟ್ ಕಡಿಮೆಯಾದರೆ ಕೈಯಿಂದ ಕಟ್ಟುವುದು ಜಾಸ್ತಿ. ಚಲನ್ ನೋಡಿ ಅವರು ಫೋನ್ ಮಾಡಿದರು. "ಮೇಡಂ, ಈ ಸಲ ಯಾಕ್ ಹೆಚ್ಗೆ ಬಂತು?" ಅಂತ ಕೇಳಿದರು ಕೂಡ. ನಾನು ಪರದೆ ನೋಡದೆ, "ಮಾಲು ಕಡಿಮೆ ತರಿಸಿರಬೇಕು ಅಣ್ಣಾರೆ" ಅಂದೆ. ಅವರು ನನ್ನ ಮೇಲೆ ನಂಬಿಕೆ ಇಟ್ಟು ಕಟ್ಟಿದರು. 36,000 ಹೆಚ್ಚಿಗೆ! ಆ ರಿಟರ್ನ್ ಒಮ್ಮೆ ಹಾಕಿದರೆ ತಿದ್ದಲು ಬರುವುದಿಲ್ಲ. ಮುಂದಿನ ತಿಂಗಳು ಸರಿ ಮಾಡಿಕೊಳ್ಳಬೇಕು. ದುಡ್ಡು ಎಲ್ಲೂ ಹೋಗಲಿಲ್ಲ ನಿಜ. ಆದರೆ ಅವರು ಒಂದು ವಾರ ರಾಜ್‌ಕೋಟ್‌ನವರಿಗೆ ಪೇಮೆಂಟ್ ನಿಲ್ಲಿಸಬೇಕಾಯಿತು. ಅದನ್ನು ಅವರು ನನಗೆ ಹೇಳಿದ್ದು ಎರಡು ವರ್ಷ ಬಿಟ್ಟು, ಅದೂ ನಗುತ್ತಾ.

ತಪ್ಪು ಗೊತ್ತಾಗಿದ್ದು ತಿಂಗಳ ಕೊನೆಗೆ. ನಾವು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇರುವ ಇನ್‌ಪುಟ್ಟಿಗೂ ಪೋರ್ಟಲ್‌ನಲ್ಲಿ ಇರುವುದಕ್ಕೂ ಹೊಂದುತ್ತಿಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ಬಿಲ್ಲು ತಿರುವಿದೆ. ಸಿಗಲಿಲ್ಲ. ಫೈಲ್ ಮನೆಗೆ ಹೊತ್ತುಕೊಂಡು ಹೋದೆ. ಅಪ್ಪಾಜಿ ಟಿವಿ ನೋಡುತ್ತಾ ಕೂತಿದ್ದರು.

"ಎಷ್ಟು ಬರ್ತಾ ಐತಿ ವ್ಯತ್ಯಾಸ?"

"ಮೂವತ್ತಾರು ಸಾವಿರ."

ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಒಂಬತ್ತರಿಂದ ಭಾಗ ಹೋಗುತ್ತೆ. ಅಂಕಿ ಹಿಂದುಮುಂದಾಗೈತಿ. ಸಾವಿರದ ಜಾಗದಾಗೆ ನೋಡು. ಆ ಎರಡು ಅಂಕಿಗೆ ನಾಕರ ಅಂತರ ಇರುತ್ತೆ."

84, 48. ಎರಡು ನಿಮಿಷದಲ್ಲಿ ಸಿಕ್ಕಿತು.

ಬಿಕಾಂನಲ್ಲಿ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಥವಾ ಹೇಳಿಕೊಟ್ಟಾಗ ನಾನು ಕಿಟಕಿ ನೋಡುತ್ತಿದ್ದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಮಡಿಯಲ್ಲೇ ಬರುತ್ತದೆ. 84ರಲ್ಲಿ 48 ಕಳೆದರೆ 36. 36 ಅಂದರೆ ಒಂಬತ್ತು ನಾಕಲಿ. ಆ ನಾಲ್ಕೇ 8ಕ್ಕೂ 4ಕ್ಕೂ ಇರುವ ಅಂತರ. 72ರಲ್ಲಿ 27 ಕಳೆದರೆ 45, ಒಂಬತ್ತು ಐದಲಿ. ಏಳಕ್ಕೂ ಎರಡಕ್ಕೂ ಐದು. ಹಾಗೇ ಜಮೆಗೆ ಬರೆಯಬೇಕಾದ್ದು ಖರ್ಚಿಗೆ ಬಿದ್ದಿದ್ದರೆ ವ್ಯತ್ಯಾಸ ಇಮ್ಮಡಿಯಾಗಿ ಕಾಣುತ್ತದೆ, ಆಗ ಅದರ ಅರ್ಧವನ್ನು ಹುಡುಕಬೇಕು. ಹಳೆಯ ಗುಮಾಸ್ತರಿಗೆ ಇದೆಲ್ಲ ಬಾಯಿಪಾಠ.

ಅಪ್ಪಾಜಿ 1971ರಿಂದ 2008ರವರೆಗೆ ಇದೇ ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. 37 ವರ್ಷ ಕಿರ್ದಿ, ಖಾತೆ ಬರೆದರು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಬುತ್ತಿ ಕೊಡಲು ಹೋಗುತ್ತಿದ್ದೆ. ಆ ಅಂಗಡಿಯ ಗದ್ದಲ ನೆನೆಸಿಕೊಂಡರೆ ನನ್ನ ಆಫೀಸು ದೇವಸ್ಥಾನ. ಹಮಾಲರು ಚೀಲ ಹೊತ್ತು ಓಡಾಡುವವರು. ತಕ್ಕಡಿ ಮುಂದೆ ನಿಂತು ಒಬ್ಬ ತೂಕ ಕೂಗುವವನು. ದಲಾಲಿಗಳು, ಸಾಲ ಕೇಳಲು ಬಂದ ಹಳ್ಳಿಯವರು, ಬೆಲ್ಲಕ್ಕೆ ಮುತ್ತುವ ನೊಣ. ನಡುವೆ ಗಾದಿ ಮೇಲೆ, ಇಳಿಜಾರು ಪೆಟ್ಟಿಗೆ ಮುಂದೆ ಅಪ್ಪಾಜಿ.

ಅವರಿಗೆ ಕೋಣೆ ಇರಲಿಲ್ಲ, ಬಾಗಿಲು ಇರಲಿಲ್ಲ. ಇದ್ದದ್ದು ಒಂದು ಎಡಗೈ. ಕಾಲಂ ಕೂಡುತ್ತಿರುವಾಗ ಯಾರಾದರೂ ಕರೆದರೆ ತಲೆ ಎತ್ತುತ್ತಿರಲಿಲ್ಲ. ಎಡಗೈ ಅಂಗೈ ಮಾತ್ರ ಮೇಲೇಳುತ್ತಿತ್ತು. "ಪುಟ ಮುಗೀಲಿ, ತಡಿ." ನನಗೂ ಅಷ್ಟೇ. ಬುತ್ತಿ ಹಿಡಿದು ಕಂಬಕ್ಕೆ ಒರಗಿ ನಿಂತಿರುತ್ತಿದ್ದೆ. ಸಾವ್ಕಾರರೇ ಬಂದರೂ ಅದೇ ಅಂಗೈ, ಮಾತು ಮಾತ್ರ "ತಡೀರಿ" ಆಗುತ್ತಿತ್ತು. ಸಾವ್ಕಾರರು ನಿಲ್ಲುತ್ತಿದ್ದರು! ಲೆಕ್ಕ ಅವರದ್ದೇ ಅಲ್ವಾ.

ಪುಟ ಮುಗಿಯಿತು ಅಂದರೆ ಸುಮ್ನೆ ಮುಗಿಯುವುದಲ್ಲ. ಕೆಳಗೆ ಗೆರೆ ಎಳೆದು ಮೊತ್ತ ಬರೆದು, "ಮುಂದಿನ ಪುಟಕ್ಕೆ" ಅಂತ ಬರೆಯುವುದು. ಹಾಳೆ ತಿರುಗಿಸಿ ಮೇಲ್ಗಡೆ "ಹಿಂದಿನ ಪುಟದಿಂದ" ಅಂತ ಅದೇ ಮೊತ್ತ ಇಳಿಸುವುದು. ಆಮೇಲೆ ಪೆನ್ನು ಮುಚ್ಚಿ, ತಲೆ ಎತ್ತಿ, "ಹೇಳಿ" ಅನ್ನುವುದು. ಈಗ ಅವರು ಅರ್ಧ ಗಂಟೆ ಬೇರೆ ಕೆಲಸಕ್ಕೆ ಹೋಗಬಹುದು, ಊಟಕ್ಕೆ ಹೋಗಬಹುದು. ತಲೆಯಲ್ಲಿ ಏನೂ ಹೊತ್ತುಕೊಳ್ಳಬೇಕಾಗಿಲ್ಲ. ಅದನ್ನು ಹಾಳೆ ಹೊತ್ತಿದೆ. ಸಂಜೆ ಮನೆಗೆ ಹೊರಡುವ ಮುಂಚೆ ಪೆಟ್ಟಿಗೆಯ ನಗದು ಎಣಿಸಿ ಆಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ನಗದು, ಬರೆಯುವುದು. ನಾಳೆ ಬೆಳಿಗ್ಗೆ ಅದೇ ಆರಂಭದ ಶಿಲ್ಕು. ಮನೆಗೆ ಬಂದ ಮೇಲೆ ಅಪ್ಪಾಜಿ ಅಂಗಡಿ ವಿಷಯ ಮಾತಾಡಿದ್ದು ನನಗೆ ನೆನಪಿಲ್ಲ. ನಾನಾದರೋ ರಾತ್ರಿ ಹನ್ನೊಂದಕ್ಕೆ ಚಪಾತಿ ಹಿಟ್ಟು ಕಲೆಸುತ್ತಾ ಯಾರದೋ ಇನ್‌ಪುಟ್ ಕೂಡುತ್ತಿರುತ್ತಿದ್ದೆ.

ಹಾರ್ಡ್‌ವೇರ್ ಅಂಗಡಿಯ ಆ 36,000 ಆದಮೇಲೆ ನನಗೆ ಹೊಳೆದದ್ದು ಇಷ್ಟು. ನಾನು ಇಷ್ಟು ದಿನ ಅಡ್ಡಿ ಬರದ ಹಾಗೆ ಮಾಡಲು ನೋಡುತ್ತಿದ್ದೆ. ಅಪ್ಪಾಜಿ ಅಡ್ಡಿಯನ್ನು ನಿಲ್ಲಿಸಲು ಹೋಗಲೇ ಇಲ್ಲ. ಅದಕ್ಕೆ ಪುಟದ ತುದಿಯಲ್ಲಿ ಒಂದು ಜಾಗ ಕೊಟ್ಟಿದ್ದರು ಅಷ್ಟೇ.

ಇದಕ್ಕೆ ಸಂಶೋಧನೆಯ ಹೆಸರೂ ಇದೆ ಅಂತ ಆಮೇಲೆ ಗೊತ್ತಾಯಿತು. ಸೋಫಿ ಲೆರಾಯ್ ಅನ್ನುವ ಪ್ರೊಫೆಸರ್ 2009ರಲ್ಲಿ ಬರೆದ ಪ್ರಬಂಧದ ಪ್ರಕಾರ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ತುಣುಕು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ಪಾತ್ರೆ ತೊಳೆದರೂ ಉಳಿಯುವ ಜಿಡ್ಡಿನ ಹಾಗೆ. 2018ರಲ್ಲಿ ಅವರು ಥೆರೇಸಾ ಗ್ಲಾಂಬ್ ಜೊತೆ ಸೇರಿ ಇನ್ನೊಂದನ್ನು ತೋರಿಸಿದರು. ಕೆಲಸ ಬಿಡುವ ಮುಂಚೆ, ಎಲ್ಲಿಗೆ ಬಂದಿದ್ದೇನೆ, ತಿರುಗಿ ಬಂದಾಗ ಮೊದಲು ಏನು ಮಾಡಬೇಕು ಅಂತ ಒಂದು ನಿಮಿಷ ಬರೆದಿಟ್ಟರೆ ಮುಂದಿನ ಕೆಲಸ ಚೆನ್ನಾಗಿ ಆಗುತ್ತದೆ. ಅಪ್ಪಾಜಿಗೆ ಇದನ್ನು ಓದಿ ಹೇಳಿದೆ. "ಇದಕ್ಕೆ ಪ್ರೊಫೆಸರ್ ಬೇಕಾತಾ?" ಅಂದರು.

ಕಂಪ್ಯೂಟರ್‌ನಲ್ಲಿ ಪುಟದ ತುದಿಯೇ ಇರುವುದಿಲ್ಲ, ಅದೇ ತೊಂದರೆ. ಎಕ್ಸೆಲ್ ಹಾಳೆ ಕೆಳಗೆ ಹೋದಷ್ಟೂ ಹೋಗುತ್ತದೆ. ಹಾಗಾಗಿ ನಾನೇ ತುದಿ ಮಾಡಿಕೊಂಡೆ. ಬಿಲ್ಲು ತಾಳೆ ನೋಡುವಾಗ 25 ಬಿಲ್ಲಿಗೆ ಒಂದು ಪುಟ. 25 ಆದಮೇಲೆ ಮೊತ್ತ ನೋಡಿ, ಗುಲಾಬಿ ಬಣ್ಣದ ಒಂದು ಚೀಟಿಯಲ್ಲಿ ಬರೆಯುತ್ತೇನೆ. "125ರ ತನಕ ಆಯ್ತು. 118ಕ್ಕೆ ಪಾರ್ಟಿ ಕೇಳಬೇಕು. ಮುಂದೆ 126, ಸಿಮೆಂಟ್ ಬಿಲ್." ಚೀಟಿಯನ್ನು ಕೀಬೋರ್ಡ್ ಮೇಲೆ ಅಡ್ಡ ಇಡುತ್ತೇನೆ. ಅದನ್ನು ಎತ್ತದೆ ಟೈಪ್ ಮಾಡಲು ಬರುವುದಿಲ್ಲ. ಎತ್ತಿದರೆ ಓದಲೇಬೇಕು.

25 ಬಿಲ್ಲಿಗೆ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಅಷ್ಟು ಹೊತ್ತು ಕಾಯುವುದು ಯಾರಿಗೂ ಕಷ್ಟವಲ್ಲ. ಎಡಗೈ ಎತ್ತಲು ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಹೆಂಗಸು, ಅದೂ ವಯಸ್ಸಾದವರ ಮುಂದೆ ಅಂಗೈ ತೋರಿಸಿದರೆ ಕೊಬ್ಬು ಅಂದುಕೊಳ್ಳುತ್ತಾರೆ ಅಂತ. ಈಗ ಬಾಯಲ್ಲಿ "ಕೂತ್ಕೊಳ್ರಿ ಅಣ್ಣಾರೆ, ಈ ಪುಟ ಮುಗ್ಸಿ ಬಂದೆ" ಅನ್ನುತ್ತೇನೆ. ಕೈಯೂ ಏಳುತ್ತದೆ. ಅಪ್ಪಾಜಿಯನ್ನು ನೋಡಿದ ಹಳಬರು ಇನ್ನೂ ನಾಲ್ಕು ಜನ ಇದ್ದಾರೆ. ಅವರು ನಕ್ಕು, "ಗುಮಾಸ್ತರ ಮಗಳು" ಅಂತ ಕೂರುತ್ತಾರೆ.

ಓಟಿಪಿಗೂ ಒಂದು ಪುಟ ಮಾಡಿದ್ದೇನೆ. ದಿನವಿಡೀ ರಿಟರ್ನ್ ತಯಾರು ಮಾಡಿ ಸಾಲಾಗಿ ಇಟ್ಟುಕೊಳ್ಳುವುದು, ಸಹಿಗೆ ಮಾತ್ರ ಸಂಜೆ ನಾಲ್ಕರಿಂದ ಐದೂವರೆ. ಬೆಳಿಗ್ಗೆಯೇ ಎಲ್ಲರಿಗೂ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತೇನೆ. "ಇವತ್ತು ನಾಕರ ಮೇಲೆ ನಿಮ್ ಫೋನಿಗೆ ಓಟಿಪಿ ಬರುತ್ತೆ. ಫೋನೂ ಕನ್ನಡಕಾನೂ ಹತ್ರ ಇಟ್ಕೊಂಡಿರ್ರಿ." ಬರೆದು ಕಳಿಸಿದರೆ ಓದುವುದಿಲ್ಲ. ನಮ್ಮ ಹುಡುಗಿ, ಅಂದರೆ ನನ್ನ ಅಸಿಸ್ಟೆಂಟ್, ಪಟ್ಟಿ ಹಿಡಿದು ಫೋನ್ ಮಾಡುತ್ತಾ ಹೋಗುತ್ತಾಳೆ, ನಾನು ಒತ್ತುತ್ತಾ ಹೋಗುತ್ತೇನೆ. ಅಲ್ಲಿ ಗದ್ದಲ ಇದ್ದರೂ ಅದು ಒಂದೇ ಜಾತಿಯ ಗದ್ದಲ. ತಲೆ ಕೆಡುವುದಿಲ್ಲ.

ಕೂತು ತಲೆ ಓಡಿಸಬೇಕಾದ ಕೆಲಸಕ್ಕೆ ಬೆಳಿಗ್ಗೆ ಎಂಟರಿಂದ ಹತ್ತು. ಮಂಡಿಪೇಟೆಯ ಷಟರ್‌ಗಳು ಆಗಿನ್ನೂ ಎದ್ದಿರುವುದಿಲ್ಲ. ಆ ಹೊತ್ತಿಗೆ ಯಾರ ಓಟಿಪಿಯೂ ಬೇಡ, ಆದ್ದರಿಂದ ಫೋನ್ ಡ್ರಾಯರ್‌ನಲ್ಲಿ. ಅಣ್ಣನ ಮಗನ ಮಾತು ಅಷ್ಟರಮಟ್ಟಿಗೆ ಸರಿ. 15, 16, 17 ಈ ಮೂರು ಬೆಳಿಗ್ಗೆಗಳಲ್ಲಿ 2ಬಿ ಪಟ್ಟಿಯ ಜೊತೆ ಬಿಲ್ಲು ತಾಳೆ ನೋಡುವುದು ಮುಗಿದರೆ ತಿಂಗಳು ಗೆದ್ದ ಹಾಗೆ. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಇನ್‌ಪುಟ್ ತೆಗೆದುಕೊಳ್ಳುವ ಹಾಗಿಲ್ಲ. ಮಾಲು ಕೊಟ್ಟವನು ತನ್ನ ರಿಟರ್ನ್ ಹಾಕದೇ ಕೂತಿದ್ದರೆ ಪೆಟ್ಟು ನಮ್ಮ ಪಾರ್ಟಿಗೆ. ಅಂಥ ಬಿಲ್ಲು ಯಾವುದು ಅಂತ ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮಾತಾಡುತ್ತಾ ಆರಿಸಲು ಆಗುವುದಿಲ್ಲ.

ಪೋರ್ಟಲ್ ಚಕ್ರ ಸುತ್ತುವಾಗ ಕೈಗೆ ಏನಾದರೂ ಬೇಕು. ಅದಕ್ಕೆ ಪಕ್ಕದಲ್ಲಿ ಮುದ್ರಿಸಿದ ಪಟ್ಟಿ ಮತ್ತು ಪೆನ್ಸಿಲ್ ಇಟ್ಟಿದ್ದೇನೆ. ಸುತ್ತುವಷ್ಟು ಹೊತ್ತು ಅದೇ ಪಾರ್ಟಿಯ ಅಂಕಿಗೆ ಟಿಕ್ ಹಾಕುವುದು. ಇದು ಹತ್ತರಲ್ಲಿ ಆರು ಸಲ ನಡೆಯುತ್ತದೆ. ನಾಲ್ಕು ಸಲ ಸೀರೆ ಫೋಟೋ ಗೆಲ್ಲುತ್ತದೆ.

ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ನನ್ನನ್ನು ನಂಬಬೇಡಿ. ಆಗ ಸ್ಕ್ಯಾನ್ ಮಾಡುವುದು, ಫೈಲಿಗೆ ಪಂಚ್ ಹೊಡೆಯುವುದು, ಫೀ ಬಾಕಿ ಕೇಳುವುದು. ಯಾರಾದರೂ ಖುಷಿಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರೆ ಐದರವರೆಗೂ ನಂಬಬೇಡಿ. ನಮ್ಮೂರಿನ ಬೆಣ್ಣೆ ದೋಸೆಗೂ 3ಬಿ ರಿಟರ್ನ್‌ಗೂ ಆಗಿಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ನಾನು ಇನ್ನೂ ಸೋಲುತ್ತೇನೆ. ನೋಟಿಸ್ ಫೈಲ್. ರಿಟರ್ನ್‌ನಲ್ಲಿ ಹೊಂದಾಣಿಕೆ ಇಲ್ಲ ಅಂತ ಇಲಾಖೆಯಿಂದ ಎಎಸ್‌ಎಂಟಿ-10 ಅಂತ ಒಂದು ನೋಟಿಸ್ ಬರುತ್ತದೆ. ಉತ್ತರಕ್ಕೆ ಹೆಚ್ಚೆಂದರೆ 30 ದಿನ. ಅದು ಮೇಜಿನ ಮೇಲೆ ಬಂದ ದಿನದಿಂದ ನಾನು ಅದೆಷ್ಟು ಚುರುಕು ಅಂತೀರಿ! ಫ್ಯಾನ್ ರೆಕ್ಕೆ ಒರೆಸುತ್ತೇನೆ. ಜಿಎಸ್‌ಟಿಗೂ ಮುಂಚೆ ಇದ್ದ ವ್ಯಾಟ್ ತೆರಿಗೆಯ ಹಳೆಯ ಫೈಲುಗಳನ್ನು ಕಪಾಟಿನಲ್ಲಿ ಜೋಡಿಸುತ್ತೇನೆ. ಯಾರೂ ಕೇಳದ ಪಾರ್ಟಿಗೆ ನಾನೇ ಫೋನ್ ಮಾಡಿ "ಏನಾದ್ರೂ ಇತ್ತಾ?" ಅನ್ನುತ್ತೇನೆ. ಆ 13 ಗೆರೆಗಳಲ್ಲಿ ಪೋರ್ಟಲ್ ಕಾರಣವಲ್ಲದವು ನಾಲ್ಕಿದ್ದವು. ನಾಲ್ಕೂ ಒಂದೇ ನೋಟಿಸ್ ಫೈಲಿನಿಂದ ಎದ್ದವು. ಫೋನ್ ದೂರ ಇಟ್ಟರೆ, ಬಾಗಿಲು ಹಾಕಿದರೆ ಇದಕ್ಕೆ ಮದ್ದಾಗುವುದಿಲ್ಲ. ಇದು ಗಮನದ ತೊಂದರೆಯೇ ಅಲ್ಲ, ಹೆದರಿಕೆ. ಎಲ್ಲಿ ನನ್ನದೇ ತಪ್ಪು ಹೊರಬೀಳುತ್ತದೋ ಅನ್ನುವ ಹೆದರಿಕೆ.

ಈಗ ಒಂದು ಸಣ್ಣ ಉಪಾಯ ನಡೆಯುತ್ತಿದೆ. ನೋಟಿಸ್ ಬಂದ ದಿನವೇ ಉತ್ತರ ಬರೆಯಲು ಹೋಗುವುದಿಲ್ಲ. ಒಂದು ಬಿಳಿ ಹಾಳೆಯ ಮೇಲ್ಗಡೆ ನೋಟಿಸ್ ನಂಬರ್, ತಾರೀಕು, ಯಾವ ವರ್ಷದ್ದು, ಎಷ್ಟು ರೂಪಾಯಿ ವ್ಯತ್ಯಾಸ, ಇಷ್ಟನ್ನು ಕೈಯಲ್ಲಿ ಬರೆದಿಡುತ್ತೇನೆ. ಬರೆದು, ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತೇನೆ. ಸುಮ್ನೆ, ಅಭ್ಯಾಸ. ಇಷ್ಟು ವರ್ಷದಲ್ಲಿ ಒಂದೇ ಸಲ ಅದು ಕೆಲಸಕ್ಕೆ ಬಂತು. ಆದರೆ ಭಾಗಿಸುತ್ತಾ ಕೂತಾಗ ಹೆದರಿಕೆ ಹೋಗಿ ಲೆಕ್ಕ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಆ ಹಾಳೆ ಮೇಲೆ "ಹಿಂದಿನ ಪುಟದಿಂದ" ಅಂತ ಬರೆದದ್ದು ಕಂಡರೆ ಕೈ ತಾನೇ ಮುಂದುವರಿಯುತ್ತದೆ.

20ನೇ ತಾರೀಕಿನ ಗದ್ದಲವೂ ಪೂರ್ತಿ ಹೋಗಿಲ್ಲ. 46 ಪಾರ್ಟಿಗಳು ತಿಂಗಳಿಗೊಮ್ಮೆ ಹಾಕುವವರು. ಅವರಲ್ಲಿ ಹದಿನೈದು ಜನ ಬಿಲ್ಲಿನ ಚೀಲ ತರುವುದೇ 19ಕ್ಕೆ. ವ್ಯಾಟ್ ಇದ್ದಾಗಲೂ 20ಕ್ಕೇ ಕೊನೆಯ ದಿನ ಇತ್ತು, ಆಗಲೂ ಇವರು 19ಕ್ಕೇ ತರುತ್ತಿದ್ದರು. 2017ರ ಜುಲೈ 1ಕ್ಕೆ ದೇಶದ ತೆರಿಗೆ ಬದಲಾಯಿತು, ಈ ಹದಿನೈದು ಜನ ಬದಲಾಗಲಿಲ್ಲ. ಅವರನ್ನು ತಿದ್ದುವುದು ಬಿಟ್ಟು, ಉಳಿದ 31 ಜನರದ್ದನ್ನು 18ರೊಳಗೆ ಮುಗಿಸುತ್ತೇನೆ. ಅಣ್ಣನ ಮಗ ನೋಡಿದ್ದು ಹದಿನೈದರ ಗದ್ದಲ ಮಾತ್ರ. ಹಿಂದೆ ಅದು 46ರದ್ದಾಗಿತ್ತು.

ಅಪ್ಪಾಜಿಗೆ ಈಗ 78. ಮೆಟ್ಟಿಲು ಹತ್ತಲು ಮೊಣಕಾಲು ಬಿಡುವುದಿಲ್ಲ, ಹಾಗಾಗಿ ಆಫೀಸಿಗೆ ಬರುವುದು ವರ್ಷಕ್ಕೊಮ್ಮೆ, ದೀಪಾವಳಿ ಪೂಜೆಗೆ. ಹೋದ ದೀಪಾವಳಿಗೂ ಬಂದಿದ್ದರು. ಕಂಪ್ಯೂಟರ್‌ಗೆ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ನನ್ನ ಕುರ್ಚಿಯಲ್ಲಿ ಕೂತರು. ಕೀಬೋರ್ಡ್ ಮೇಲೆ ಹಿಂದಿನ ದಿನದ ಗುಲಾಬಿ ಚೀಟಿ ಇತ್ತು. ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಓದಿದರು. ಏನೋ ಹೇಳುತ್ತಾರೆ ಅಂತ ನಾನು ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದೆ. ಚೀಟಿಯನ್ನು ಇದ್ದಲ್ಲೇ ಅಡ್ಡ ಇಟ್ಟರು.

"ತಾರೀಕು ಹಾಕಿಲ್ಲಲ್ಲ?" ಅಂದರು.

ಈಗ ಹಾಕುತ್ತಿದ್ದೇನೆ.